ಕೊಗ್ಗಣ್ಣನ ಗೋಡೆಗೆ ಕಿವಿ ಇಟ್ಟದ್ದು

ಪಕ್ಕದ ಮನೆಯವರನ್ನು ನಂಬಬಾರದು ಎಂದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ನಾನಾಗಿ ಕಲಿತದ್ದು. ಮದುವೆಯಾಗಿ ಈ ಊರಿಗೆ ಬಂದ ಮೊದಲ ವರ್ಷವೇ ನಮ್ಮ ಮಲಗುವ ಕೋಣೆ ಬೆರಳಗಲ ಕಿರಿದಾಯಿತು. ಇಲ್ಲಿ ಎಲ್ಲರ ಮನೆಯ ಗೋಡೆಯೂ ಹವಳದ್ದು, ಜೀವ ಇರುವಂಥದ್ದು. ಗೋಡೆ ಬೆಳೆಯುತ್ತದೆ, ಕೋಣೆ ಕಿರಿದಾಗುತ್ತದೆ, ಕಿಟಕಿ ಸುತ್ತಲಿಂದ ಮುಚ್ಚಿಕೊಳ್ಳುತ್ತಾ ಬರುತ್ತದೆ. ಅದಕ್ಕೆಲ್ಲ ನಾನು ತಕರಾರು ಎತ್ತಿದವಳಲ್ಲ. ಆದರೆ ನಮಗೂ ಪಕ್ಕದ ಕೊಗ್ಗಣ್ಣನಿಗೂ ನಡುವೆ ಇರುವುದು ಒಂದೇ ಗೋಡೆ. ಅದರ ಒಂದು ಮುಖ ನಮ್ಮ ಕೋಣೆಗೆ, ಇನ್ನೊಂದು ಮುಖ ಅವನ ಕೋಣೆಗೆ. ಬೆಳೆಯುವುದಾದರೆ ಎರಡೂ ಕಡೆ ಸಮನಾಗಿ ಬೆಳೆಯಬೇಕಲ್ಲವೇ? ನಮ್ಮ ಕಡೆಗೇ ಏಕೆ ಉಬ್ಬಬೇಕು?

"ಅವರು ಆ ಕಡೆಯಿಂದ ಎಂತದೋ ಮಾಡ್ತಾರೆ," ಎಂದೆ ಗಂಡನ ಹತ್ತಿರ. "ಎಂತ ಮಾಡ್ಲಿಕ್ಕಾಗ್ತದೆ ಮಾರಾಯ್ತಿ? ಗೋಡೆಯನ್ನು ದೂಡ್ಲಿಕ್ಕಾಗ್ತದಾ?" ಎಂದು ಅವರು ನಕ್ಕರು. ನನ್ನ ಗಂಡ ಸೋಮಪ್ಪ ಊರಿನ ಕಿಟಕಿ ಕೆತ್ತುವವರು. ಮುಚ್ಚಿಕೊಳ್ಳುತ್ತಾ ಬಂದ ಕಿಟಕಿಗಳನ್ನು ಉಳಿ ಹಿಡಿದು ಮೊದಲಿನ ಅಳತೆಗೆ ತರುವುದು ಅವರ ಕೆಲಸ. ಮನೆಮನೆಗೆ ಹೋಗಿ, ಎಲ್ಲರ ಮನೆಯ ಚಾ ಕುಡಿದು, ಎಲ್ಲರೂ ಒಳ್ಳೆಯವರೆಂದು ಹೇಳಿಕೊಂಡು ಬರುತ್ತಾರೆ. ಅವರಿಗೆ ಯಾರ ಮೇಲೂ ಸಂಶಯ ಬರುವುದಿಲ್ಲವಾದ್ದರಿಂದ ಅವರ ಪಾಲಿನದ್ದನ್ನೂ ಸೇರಿಸಿ ನಾನೇ ಪಡಬೇಕಾಗಿದೆ.

ದಿನಕ್ಕೆ ಎರಡು ಸಲ ಕಡಲು ಊರೊಳಗೆ ಬರುತ್ತದೆ. ಓಣಿಯಲ್ಲಿ ನಿಧಾನಕ್ಕೆ ಏರಿ, ಹೊಸಿಲು ದಾಟಿ, ಆಳೆತ್ತರಕ್ಕೆ ನಿಂತು, ಗೋಡೆಗಳನ್ನೆಲ್ಲ ತೋಯಿಸಿ ಮತ್ತೆ ಇಳಿದುಹೋಗುತ್ತದೆ. ಅಷ್ಟು ಹೊತ್ತು ನಾವು ಅಟ್ಟದ ಮೇಲೆ ಇರುತ್ತೇವೆ. ಒಲೆಯೂ ಅಲ್ಲೇ, ಅಕ್ಕಿಯ ಡಬ್ಬಿಯೂ ಅಲ್ಲೇ. ಮಂಚವನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಳ್ಳುತ್ತೇವೆ. ಹೊರಗಿನ ಊರಿನಿಂದ ಬಂದ ನೆಂಟರು ಚಪ್ಪಲಿಯನ್ನು ಹೊಸಿಲಲ್ಲಿ ಬಿಟ್ಟು ಕಳೆದುಕೊಳ್ಳುವುದು, ಆಮೇಲೆ ಅದು ನಾಲ್ಕು ಮನೆ ಆಚೆ ಸಿಗುವುದು, ಇವೆಲ್ಲ ಇದ್ದದ್ದೇ. ಕೊಗ್ಗಣ್ಣನ ಮನೆಗೆ ತೇಲಿಹೋದ ಚಪ್ಪಲಿ ಮಾತ್ರ ಒಂದು ಜೊತೆಯೂ ಹಿಂದೆ ಬಂದದ್ದನ್ನು ನಾನು ಕಂಡಿಲ್ಲ.

ಇನ್ನು ಕಿವಿಯ ವಿಷಯ ಹೇಳಬೇಕು. ಜೀವ ಇರುವ ಗೋಡೆಗೆ ಕಿವಿ ಇಟ್ಟರೆ ಒಳಗಿನಿಂದ ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಹಾಗೆ ಸದ್ದು ಕೇಳುತ್ತದೆ. ಸತ್ತ ಗೋಡೆಯಲ್ಲಿ ಏನೂ ಕೇಳುವುದಿಲ್ಲ. ಆದರೆ ತಮ್ಮ ಮನೆಯ ಗೋಡೆಗೆ ತಾವೇ ಕಿವಿ ಇಡುವಂತಿಲ್ಲ. ಮಗು ಗೋಡೆಗೆ ತಲೆ ಆನಿಸಿ ಕೂತರೂ ಎಳೆದು ಈಚೆ ಕೂರಿಸುತ್ತಾರೆ. ಮಂಚ ಹಾಕುವುದು ಕೋಣೆಯ ನಟ್ಟನಡುವೆ. ವರ್ಷಕ್ಕೊಂದು ದಿನ, ಮಳೆ ಬಿಟ್ಟ ಮೇಲೆ, ಪಕ್ಕದ ಮನೆಯವರು ಬಂದು ನಮ್ಮ ಗೋಡೆಗೆ ಕಿವಿ ಇಡುತ್ತಾರೆ, ನಾವು ಹೋಗಿ ಅವರದಕ್ಕೆ ಇಡುತ್ತೇವೆ. ಒಬ್ಬರೇ ಒಳಗೆ ಹೋಗಬೇಕು, ಹೊರಗೆ ಬಂದು ಊರಿನ ಮುಖ್ಯಸ್ಥರಾದ ಗುರಿಕಾರರ ಎದುರು "ಉಂಟು" ಅಥವಾ "ಇಲ್ಲ" ಎಂದು ಒಂದೇ ಮಾತು ಹೇಳಬೇಕು. ಆಮೇಲೆ ಒಳಗೆ ಏನು ಕೇಳಿತು, ಎಷ್ಟು ಕೇಳಿತು ಎಂದು ಯಾರೂ ಕೇಳುವಂತಿಲ್ಲ, ಯಾರೂ ಹೇಳುವಂತಿಲ್ಲ. "ಇಲ್ಲ" ಎಂದರೆ ಮನೆ ಒಡೆಯುತ್ತಾರೆ. ಸತ್ತ ಗೋಡೆಯ ಕೊಳೆ ಪಕ್ಕದ ಗೋಡೆಗೆ ಹತ್ತುತ್ತದೆ ಎಂದು ಭಯ. ಮನೆ ಒಡೆಸಿಕೊಂಡವರು ಒಣಗುಡ್ಡೆಯ ತಗಡಿನ ಶೆಡ್ಡುಗಳಿಗೆ ಹೋಗಬೇಕು. ಅಲ್ಲಿಗೆ ಕಡಲು ಬರುವುದಿಲ್ಲ.

ಮೊದಲೆಲ್ಲ ಇದು ನಗುನಗುತ್ತಾ ಮುಗಿಯುವ ಕೆಲಸವಾಗಿತ್ತು. ಒಳಗೆ ಹೋದವರು ಕಿವಿ ಇಟ್ಟ ಶಾಸ್ತ್ರ ಮಾಡಿ "ಉಂಟು ಉಂಟು" ಎಂದು ಹೊರಗೆ ಬಂದು ಅವಲಕ್ಕಿ ತಿನ್ನುತ್ತಿದ್ದರು. ಕೊಗ್ಗಣ್ಣ ನಮ್ಮ ಮನೆಯಲ್ಲಿ ತಿಂದ ಅವಲಕ್ಕಿಗೆ ಲೆಕ್ಕ ಇಲ್ಲ. ಅವನ ಮನೆಯಲ್ಲಿ ನಮಗೆ ಸಿಕ್ಕಿದ್ದು ನೀರು.

ಆಮೇಲೆ ಕಡಲು ಬಿಸಿಯಾಯಿತು. ಒಂದು ಬೇಸಗೆಯಲ್ಲಿ ಓಣಿಗೆ ಬಂದ ನೀರಿಗೆ ಕಾಲಿಟ್ಟರೆ ಬಚ್ಚಲ ಹಂಡೆಯ ನೀರಿಗೆ ಇಟ್ಟಂತೆ ಇತ್ತು. ಮಕ್ಕಳಿಗೆ ಖುಷಿ. ಆದರೆ ಇಳಿದುಹೋಗುವ ನೀರು ಕಂದಾಗಿ ಹೋಗತೊಡಗಿತು, ಗೋಡೆಗಳು ತಮ್ಮ ಬಣ್ಣವನ್ನು ತಾವೇ ಕಕ್ಕಿಕೊಳ್ಳುತ್ತಿದ್ದವು. ಜೇನಿನ ಬಣ್ಣದ್ದು, ನೇರಳೆಯದ್ದು, ಅರಿಸಿನದ್ದು, ಎಲ್ಲ ಬಿಳಿಚಿಕೊಂಡವು. ಮಳೆಗಾಲದ ಹೊತ್ತಿಗೆ ಊರಿಗೆ ಊರೇ ಬಿಳಿ. ಹೊರಗಿನಿಂದ ಬಂದ ನನ್ನ ತಂಗಿ "ಎಷ್ಟು ಚಂದ ಸುಣ್ಣ ಹೊಡೆಸಿದ್ದೀರಿ ಅಕ್ಕ!" ಎಂದಳು. ಅವಳಿಗೆ ಚಾ ಮಾಡಿಕೊಡಲು ಅಟ್ಟ ಹತ್ತಿದವಳು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಸೋಮಪ್ಪನಿಗೆ ಕೆಲಸ ಇಲ್ಲವಾಯಿತು. ಬೆಳೆಯದ ಗೋಡೆಯಲ್ಲಿ ಕಿಟಕಿ ಮುಚ್ಚಿಕೊಳ್ಳುವುದೆಲ್ಲಿ? ಉಳಿಗಳಿಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟು ಕೂತರು.

ಕಾಯಿಲೆ ಬಿದ್ದವರಿಗೆ ಮಾಡುವುದನ್ನೇ ನಾವು ಗೋಡೆಗೂ ಮಾಡಿದೆವು. ಗಂಜಿ ಕೊಟ್ಟೆವು. ಕುಚ್ಚಲಕ್ಕಿಯ ಗಂಜಿ, ಮೀನು ತೊಳೆದ ನೀರು, ಕೆಲವರು ಬೆಲ್ಲ ಕದಡಿ ಕೂಡ. ಕಡಲು ಇಳಿದ ಕೂಡಲೇ ಹೆಂಗಸರೆಲ್ಲ ಸೌಟು ಹಿಡಿದು ಗೋಡೆಗೆ ಎರಚುವುದು. ಮಾರನೆಯ ಬೇಸಗೆ ಅಷ್ಟು ಬಿಸಿಯಾಗಲಿಲ್ಲ, ನಮ್ಮ ಗಂಜಿ ಫಲ ಕೊಟ್ಟಿತೆಂದುಕೊಂಡೆವು. ಯಾಕೆಂದರೆ ಗೋಡೆಗಳು ಹಸಿರಾಗತೊಡಗಿದ್ದವು. ಮೊದಲು ನೂಲಿನಷ್ಟು, ಆಮೇಲೆ ಅಂಗೈಯಗಲ, ಆಮೇಲೆ ಹಾಸಿದ ಹಾಗೆ. ಬಣ್ಣ ಬಂತು ಎಂದು ಊರೆಲ್ಲ ಸಂಭ್ರಮ. ಹಳೆಯ ಬಣ್ಣ ಅಲ್ಲದಿದ್ದರೇನು, ಬಣ್ಣವಂತೂ ಹೌದು. ನಮ್ಮ ಓಣಿಯಲ್ಲಿ ಎಲ್ಲರಿಗಿಂತ ದಟ್ಟ ಹಸಿರು ನಮ್ಮ ಮನೆಯದು. ನೋಡಲು ಬಂದವರು ಗೋಡೆ ಸವರಿ, "ವಾರಿಜಕ್ಕನ ಕೈಗುಣ," ಎಂದು ಹೋಗುತ್ತಿದ್ದರು. ನಾನೂ ಏನೂ ಕಡಿಮೆ ಬೀಗಲಿಲ್ಲ.

ಕೊಗ್ಗಣ್ಣ ಮಾತ್ರ ಗಂಜಿ ಕೊಡಲಿಲ್ಲ. ಅವನು ಒಂಟಿ, ಕೊಡೆ ರಿಪೇರಿ ಮಾಡುವವನು, ಜುಗ್ಗ. "ನನಗೇ ಕುಡೀಲಿಕ್ಕೆ ಸಾಕಾಗುದಿಲ್ಲ ವಾರಿಜಕ್ಕ, ಗೋಡೆಗೆ ಎಲ್ಲಿಂದ ತರುದು?" ಎಂದ. ಒಂದು ದಿನ ನಾನೇ ಒಂದು ಚೆಂಬು ಗಂಜಿ ಕೊಟ್ಟು ನಡುಗೋಡೆಯ ಅವನ ಕಡೆಗೆ ಎರಚಲು ಹೇಳಿದೆ. ಚೆಂಬು ಹಿಂದೆ ಬಂದಾಗ ಅದರ ತಳದಲ್ಲಿ ಉಪ್ಪಿನಕಾಯಿಯ ಎಣ್ಣೆ ಇತ್ತು. ಗೋಡೆ ಉಪ್ಪಿನಕಾಯಿ ನಂಜಿಕೊಂಡು ಗಂಜಿ ಕುಡಿಯುತ್ತದೆಯೇ? ಗೋಡೆ ಸಾಯಲಿ ಎಂದೇ ಅವನು ಕಾಯುತ್ತಿದ್ದಾನೆ ಎಂದು ನನಗೆ ಆಗಲೇ ಅನಿಸಿತು. ಯಾಕೆ ಕಾಯುತ್ತಾನೆ ಎಂಬುದು ಮಾತ್ರ ಹೊಳೆಯಲಿಲ್ಲ.

ಊರೆಲ್ಲ ಹಸಿರಾದರೂ ಅವನ ಗೋಡೆಗಳು ಎಲುಬಿನ ಹಾಗೆ ಬಿಳಿಯಾಗಿಯೇ ಉಳಿದವು. ಆಮೇಲೆ ಅಲ್ಲಲ್ಲಿ ಕಂದು ಕಲೆ ಏಳತೊಡಗಿತು. ಕಿಟಕಿಯಿಂದ ಇಣುಕಿ ನೋಡಿದವರು "ಕೊಳೀತಾ ಉಂಟು" ಎಂದರು. ನನಗೂ ಹಾಗೇ ಕಂಡಿತು, ಹಳೆಯ ಪಾತ್ರೆಗೆ ಹಿಡಿದ ಕಿಲುಬಿನ ಹಾಗೆ. ಅದು ನಡುಗೋಡೆಯನ್ನು ದಾಟಿ ನಮ್ಮ ಕಡೆಗೆ ಬಂದರೆ? ನಾನು ದಿನಾ ಎದ್ದ ಕೂಡಲೇ ನಮ್ಮ ಕಡೆಯ ಗೋಡೆಯನ್ನು ಮೇಲಿಂದ ಕೆಳಗೆ ನೋಡತೊಡಗಿದೆ.

ಹಾಗೆ ನೋಡುತ್ತಿದ್ದಾಗಲೇ ಕಂಡದ್ದು. ನಡುಗೋಡೆಯ ಬುಡದಲ್ಲಿ ನೀರು ಹೋಗಲಿಕ್ಕೆಂದು ಒಂದು ತೂತು ಇದೆ, ಮುಷ್ಟಿ ಹೋಗುವಷ್ಟು. ಅದರ ಸುತ್ತ ನಮ್ಮ ಹಸಿರು ಮಾಯವಾಗಿತ್ತು! ಯಾರೋ ನುಣ್ಣಗೆ ಬೋಳಿಸಿದಂತೆ ಬಿಳಿಯ ಗೋಡೆ ಹೊರಗೆ ಬಿದ್ದಿತ್ತು. ಮರುದಿನ ಆ ಬೋಳು ಇನ್ನಷ್ಟು ಅಗಲ. ಮೂಲೆಯಲ್ಲಿ ಬಗ್ಗಿ ನೋಡಿದರೆ ಎರಡು ಮುಳ್ಳುಂಡೆಗಳು ಗೋಡೆಗೆ ಕಚ್ಚಿಕೊಂಡು ಕೂತಿದ್ದವು. ಮುಳ್ಳುಂಡೆ ಎಂದರೆ ಕಡಲ ಪ್ರಾಣಿ, ನಿಂಬೆಹಣ್ಣಿನ ಗಾತ್ರದ್ದು, ಮೈಯೆಲ್ಲ ಕಪ್ಪು ಮುಳ್ಳು. ಓಣಿಯಲ್ಲಿ ಕಾಲಿಗೆ ಚುಚ್ಚುತ್ತದೆಂದು ಕಂಡಲ್ಲೆಲ್ಲ ಕಲ್ಲು ಹಾಕಿ ಜಜ್ಜುವುದು ನಮ್ಮ ಊರಿನ ರೂಢಿ. ಎಷ್ಟೋ ವರ್ಷದಿಂದ ನಮ್ಮ ಓಣಿಯಲ್ಲಿ ಒಂದೂ ಇರಲಿಲ್ಲ. ಇವು ಎಲ್ಲಿಂದ ಬಂದವು? ತೂತಿನ ಆ ಕಡೆಯಿಂದ.

ಅಂದಿನಿಂದ ನಾನು ಕೊಗ್ಗಣ್ಣನ ಮೇಲೆ ಕಣ್ಣಿಟ್ಟೆ. ಕಡಲು ಇಳಿದ ಮೇಲೆ ಅವನು ಒಂದು ಬಾಲ್ದಿಗೆ ಗೋಣಿ ಮುಚ್ಚಿ ಹೊರಗಿನ ಬಂಡೆಗಳ ಕಡೆಯಿಂದ ಬರುತ್ತಿದ್ದ. "ಎಂತ ಕೊಗ್ಗಣ್ಣ, ಬಾಲ್ದಿಯಲ್ಲಿ?" ಎಂದು ಕೇಳಿದರೆ, "ಎಂತದೂ ಇಲ್ಲ, ನೀರು," ಎನ್ನುತ್ತಿದ್ದ. ಕಡಲೇ ಮನೆಯೊಳಗೆ ಬಂದು ಹೋಗುವ ಊರಿನಲ್ಲಿ ಬಾಲ್ದಿಯಲ್ಲಿ ನೀರು ಹೊರುವವನು ಯಾರು? ಒಂದು ಮಧ್ಯಾಹ್ನ ಎರಡೂ ಮನೆಯ ಅಟ್ಟಗಳ ನಡುವಿನ ಹಲಗೆಯ ಸಂದಿಗೆ ಕಣ್ಣು ಹಚ್ಚಿ ಅವನ ಕೋಣೆಯನ್ನು ನೋಡಿದೆ. ಗೋಡೆಯ ಬುಡದಲ್ಲಿ ಒಂದು ಗುಂಡಿ ತೋಡಿ, ಅದರ ತುಂಬ ಮುಳ್ಳುಂಡೆ ಸಾಕಿದ್ದ. ಗೋಡೆಯ ಮೇಲೂ ಅಲ್ಲಲ್ಲಿ ಹತ್ತಿ ಕೂತಿದ್ದವು.

"ನಮ್ಮ ಹಸಿರನ್ನು ತಿನ್ನಿಸ್ಲಿಕ್ಕೆ ಸಾಕಿದ್ದಾರೆ!" ಎಂದು ನಾನು ಸೋಮಪ್ಪನನ್ನು ಎಬ್ಬಿಸಿದೆ. "ಅವರದ್ದು ಕೊಳೀತಾ ಉಂಟಲ್ಲ, ನಮ್ಮದು ಹಸಿರಾಗಿರುದು ಹೊಟ್ಟೆಕಿಚ್ಚು." ಸೋಮಪ್ಪ ಕಣ್ಣುಜ್ಜುತ್ತಾ, "ಅವರು ತಿನ್ಲಿಕ್ಕೆ ತಂದದ್ದಿರ್ಬೇಕು ಮಾರಾಯ್ತಿ. ಮುಳ್ಳುಂಡೆ ಒಡೆದ್ರೆ ಒಳಗೆ ಹಳದಿ ಮೊಟ್ಟೆಯ ಹಾಗೆ ಇರ್ತದಂತೆ. ಇಲ್ಲದವರು ತಿಂತಾರೆ. ನಾಚಿಕೆಗೆ ಮುಚ್ಚಿ ತಂದದ್ದು," ಎಂದರು. ಇವರಿಗೆ ಎಲ್ಲದಕ್ಕೂ ಒಂದು ಒಳ್ಳೆಯ ಕಾರಣ ಸಿಗುತ್ತದೆ. ನಾನು ನಮ್ಮ ಕಡೆಗೆ ಬಂದದ್ದನ್ನು ಒಂದೂ ಬಿಡದೆ ಕಲ್ಲಿನಿಂದ ಜಜ್ಜಿದೆ, ತೂತಿಗೆ ಹಳೆಯ ಬಟ್ಟೆ ತುರುಕಿದೆ, ಬೋಳಾದ ಜಾಗಕ್ಕೆ ಎರಡು ಸೌಟು ಗಂಜಿ ಹೆಚ್ಚು ಎರಚಿದೆ.

ಕಿವಿ ಇಡುವ ದಿನ ಹತ್ತಿರ ಬಂದಂತೆ ನನ್ನ ಲೆಕ್ಕಾಚಾರ ಸ್ಪಷ್ಟವಾಯಿತು. ಊರಿನ ಪದ್ಧತಿಯಲ್ಲಿ ನಡುಗೋಡೆ ಜೀವ ಇರುವ ಮನೆಯ ಪಾಲಿಗೆ. ನಮ್ಮ ಮನೆಗೆ ಅವನು "ಇಲ್ಲ" ಎಂದರೆ ಉಳಿದ ಮೂರು ಗೋಡೆ ಒಡೆದು, ನಡುಗೋಡೆ ಪೂರ್ತಿ ಅವನದಾಗುತ್ತದೆ. ಆಗ ನಾನೂ ಸೋಮಪ್ಪನೂ ಒಣಗುಡ್ಡೆಯ ತಗಡಿನ ಕೆಳಗೆ. ಅದಕ್ಕೇ ಇಷ್ಟು ದಿನದ ಹುನ್ನಾರ. ಅವನು ಹಾಗೆ ಹೇಳುವ ಮೊದಲೇ ನಾನು ಅವನ ಮನೆಗೆ "ಇಲ್ಲ" ಎಂದುಬಿಟ್ಟರೆ? ಮನೆ ಹೋದವನಿಗೆ ನಮ್ಮ ಗೋಡೆಗೆ ಕಿವಿ ಇಡುವ ಹಕ್ಕೂ ಇರುವುದಿಲ್ಲ. ಅದು ಸುಳ್ಳೂ ಆಗುವುದಿಲ್ಲ. ಆ ಕಂದು ಕೊಳೆ ಕಣ್ಣಿಗೇ ಕಾಣುತ್ತದಲ್ಲ. ಓಣಿಯಲ್ಲಿ ಯಾವ ಮನೆ ಮೊದಲು ಎಂದು ಚೀಟಿ ಎತ್ತುತ್ತಾರೆ. ನಮ್ಮ ಜೋಡಿಯಲ್ಲಿ ಕೊಗ್ಗಣ್ಣನ ಮನೆ ಮೊದಲು ಬಂತು. ದೇವರು ನನ್ನ ಕಡೆ ಇದ್ದಾನೆ ಎಂದುಕೊಂಡೆ.

ಆ ದಿನ ಬೆಳಗ್ಗೆ ನಮ್ಮ ಓಣಿಯ ತುದಿಯ ಗುಲಾಬಿಯಕ್ಕನ ಮನೆಗೆ "ಇಲ್ಲ" ಬಿತ್ತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ. ಗುಲಾಬಿಯಕ್ಕ ಗಂಡ ತೀರಿಹೋದ ಮೇಲೆ ಹಾಸಿಗೆ ಹಿಡಿದಿದ್ದಳು, ಗಂಜಿ ಎರಚಲು ಆಗದೆ ಅವಳ ಗೋಡೆಗೂ ಕಂದು ಕಲೆ ಬಂದಿತ್ತು. ಅವಳ ಪಕ್ಕದವನು ಒಳಗೆ ಹೋದದ್ದೂ ಬಂದದ್ದೂ ಒಂದೇ ಆಯಿತು. ಕಿವಿ ಇಟ್ಟನೋ ಇಲ್ಲವೋ, ಬಣ್ಣ ನೋಡಿಯೇ ಬಂದನೋ, ನನಗೆ ಈಗಲೂ ಸಂಶಯ. ಗುಲಾಬಿಯಕ್ಕನನ್ನು ಹಾಸಿಗೆ ಸಮೇತ ಹೊರಗೆ ತಂದರು. ಸುತ್ತಿಗೆ ಬೀಳುವಾಗ ಅವಳು ಅಳಲಿಲ್ಲ, "ಅಟ್ಟದಲ್ಲಿ ನನ್ನ ಹಿತ್ತಾಳೆ ಚೆಂಬು ಉಂಟು, ಯಾರಾದ್ರೂ ತಂದುಕೊಡಿ," ಎಂದು ಮಾತ್ರ ಹೇಳುತ್ತಿದ್ದಳು.

ಗುರಿಕಾರರು ಕೊಗ್ಗಣ್ಣನ ಬಾಗಿಲಿಗೆ ಬಂದರು. ಕೊಗ್ಗಣ್ಣ ಒಗೆದ ಅಂಗಿ ಹಾಕಿಕೊಂಡು ಓಣಿಯಲ್ಲಿ ನಿಂತಿದ್ದ. ನನ್ನ ಮುಖ ನೋಡಲಿಲ್ಲ. ನಾನು ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಮುಳ್ಳುಂಡೆಯ ಗುಂಡಿಯೊಂದು ಬಿಟ್ಟರೆ ಕೋಣೆ ಖಾಲಿ. ಕಂದು ಗೋಡೆ ಹತ್ತಿರದಿಂದ ಇನ್ನೂ ಅಸಹ್ಯವಾಗಿತ್ತು. ಕಿವಿ ಇಡದೆಯೇ ಹೊರಗೆ ಬರಬಹುದಿತ್ತು, ಆದರೆ ನನ್ನ ಸ್ವಭಾವ ನೋಡಿ, ನನ್ನ ಕಣ್ಣನ್ನೂ ನಾನು ಪೂರ್ತಿ ನಂಬುವವಳಲ್ಲ. ಸೆರಗಿನಿಂದ ಗೋಡೆ ಒರೆಸಿ ಕಿವಿ ಇಟ್ಟೆ.

ಸಾಸಿವೆ! ಒಂದು ಹಿಡಿ ಸಾಸಿವೆಯನ್ನು ಕಾದ ಎಣ್ಣೆಗೆ ಸುರಿದ ಹಾಗೆ ಚಟಚಟಚಟ. ಬೆಚ್ಚಿ ಕಿವಿ ತೆಗೆದೆ. ಇದರಲ್ಲಿ ಮೋಸ ಇರಬೇಕು. ಅಟ್ಟದಲ್ಲಿ ಒಗ್ಗರಣೆ ಇಟ್ಟು ಬಂದಿದ್ದಾನೆ! ಏಣಿ ಹತ್ತಿ ನೋಡಿದೆ. ಒಲೆಯಲ್ಲಿ ಬೂದಿ ತಣ್ಣಗಿತ್ತು. ಬಾಣಲೆ ಮಗುಚಿ ಇಟ್ಟಿತ್ತು. ಸಾಸಿವೆ ಡಬ್ಬಿಯನ್ನೂ ತೆರೆದು ನೋಡಿದೆ, ಅದರಲ್ಲಿ ಸಾಸಿವೆಯೇ ಇರಲಿಲ್ಲ. ಕೆಳಗಿಳಿದು ಇನ್ನೊಂದು ಗೋಡೆಗೆ ಕಿವಿ ಇಟ್ಟೆ. ಅಲ್ಲೂ ಅದೇ. ಕಂದು ಹೆಚ್ಚಿದ್ದಲ್ಲಿ ಸದ್ದೂ ಹೆಚ್ಚು. ಕಡಲು ಬಿಸಿಯಾದ ಮೇಲೆ ನಾನು ಆ ಸದ್ದನ್ನು ಕೇಳಿರಲಿಲ್ಲ. ಹಿಂದಿನ ವರ್ಷ ಇದೇ ಕೋಣೆಯಲ್ಲಿ ಏನೂ ಕೇಳದಿದ್ದರೂ ಊರಿನ ಎಲ್ಲರಂತೆ ಕಣ್ಣು ಮುಚ್ಚಿ "ಉಂಟು" ಎಂದಿದ್ದೆ. ಈಗ ಕೇಳಿದಾಗ ಇನ್ನೊಮ್ಮೆ ಕಿವಿ ಇಟ್ಟೆ. ಸಿಟ್ಟೂ ಬಂತು. ಗಂಜಿ ಕೊಟ್ಟವಳು ನಾನು, ಜೀವ ಬಂದದ್ದು ಈ ಜುಗ್ಗನ ಗೋಡೆಗೆ!

ಹೊರಗೆ ಬಂದೆ. "ಇಲ್ಲ" ಎಂಬ ಮಾತು ನಾಲಗೆಯ ಮೇಲೆ ಸಿದ್ಧವಾಗಿಯೇ ಇತ್ತು. ಇನ್ನರ್ಧ ಗಳಿಗೆಯಲ್ಲಿ ಇವನು ನನ್ನ ಮನೆಯೊಳಗೆ ಹೋಗುತ್ತಾನೆ ಎಂಬ ಭಯವೂ ಇತ್ತು. ಓಣಿಯ ತುದಿಯಲ್ಲಿ ಗುಲಾಬಿಯಕ್ಕ ಹಾಸಿಗೆಯ ಮೇಲೆ ಚೆಂಬು ತಬ್ಬಿಕೊಂಡು ಕೂತಿದ್ದಳು. ಗುರಿಕಾರರು "ಹೇಳಿ ವಾರಿಜಕ್ಕ" ಎಂದರು. "ಉಂಟು," ಎಂದೆ, ಯಾರೋ ಬಾಯಿಂದ ಕಿತ್ತುಕೊಂಡ ಹಾಗೆ. ಕೊಗ್ಗಣ್ಣ ತಲೆ ಎತ್ತಿ ನನ್ನನ್ನು ನೋಡಿದ. ಆ ನೋಟ ನನಗೆ ಅರ್ಥವಾಗಲಿಲ್ಲ. ಏನೋ ಕುತಂತ್ರ ಎಂದುಕೊಂಡೆ.

ಆಮೇಲೆ ಅವನು ನಮ್ಮ ಮನೆಯೊಳಗೆ ಹೋದ. ಬೇಗ ಬರಲಿಲ್ಲ. ಸೋಮಪ್ಪ ನನ್ನ ಕೈ ಹಿಡಿದುಕೊಂಡರು. ಸುತ್ತಿಗೆಯವರು ಗೋಡೆಗೊರಗಿ ಬೀಡಿ ಹಚ್ಚಿದರು. ಕೊಗ್ಗಣ್ಣ ಹೊರಗೆ ಬಂದಾಗ ಅವನ ಕಿವಿಗೂ ಕೆನ್ನೆಗೂ ಹಸಿರು ಮೆತ್ತಿಕೊಂಡಿತ್ತು. ಅಷ್ಟು ಒತ್ತಿ ಕೇಳಿದ್ದ. ಗುರಿಕಾರರು ಕೇಳುವ ಮೊದಲೇ, "ಉಂಟು," ಎಂದ. ಅವಲಕ್ಕಿ ಕೂಡ ತಿನ್ನದೆ ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮನೆ ಉಳಿಯಿತು ಎಂದು ಸೋಮಪ್ಪ ಅತ್ತರು. ನನಗೆ ಸಂತೋಷವಾಗಲಿಲ್ಲ. ಕೊಗ್ಗಣ್ಣ ಅವಲಕ್ಕಿ ಬಿಟ್ಟು ಹೋದದ್ದೆಂದರೆ ಸಣ್ಣ ವಿಷಯವೇ? ಕೇಳುವ ಮೊದಲೇ ಯಾಕೆ ಹೇಳಿದ? ಸದ್ದು ಕೇಳಿದ್ದರೆ ಅಷ್ಟು ಹೊತ್ತು ಒಳಗೆ ಯಾಕೆ ಇರಬೇಕಿತ್ತು? ನನಗೆ ಆ ಕಡೆ ಕಿವಿ ಇಟ್ಟ ಕ್ಷಣದಲ್ಲೇ ಕೇಳಿತ್ತಲ್ಲ? ನಮ್ಮ ಹಸಿರು ಗೋಡೆಯನ್ನು ನೋಡಿದಾಗಲೆಲ್ಲ ಇದೇ ಯೋಚನೆ. ನನ್ನ ಕಿವಿಯನ್ನು ಅದಕ್ಕೆ ಇಡುವಂತಿಲ್ಲ, ಅವನನ್ನು ಕೇಳುವಂತಿಲ್ಲ. ನನಗೆ ಗೊತ್ತಿದ್ದದ್ದು ಒಂದೇ, ಕಂದು ಇದ್ದಲ್ಲಿ ಜೀವ ಇದೆ. ಅದನ್ನೂ ಯಾರಿಗೂ ಹೇಳುವಂತಿಲ್ಲ.

ಹಾಗಾದರೆ ಹಸಿರು ಏನು? ಒಂದು ದಿನ ಮನಸ್ಸು ಗಟ್ಟಿಮಾಡಿ ನಡುಗೋಡೆಯ ಮೂಲೆಯಲ್ಲಿ ಆ ಹಸಿರನ್ನು ಉಗುರಿನಿಂದ ಕೆರೆದೆ. ಬಾವಿಕಟ್ಟೆಯ ಪಾಚಿಯ ಹಾಗೆ ಹಾಳೆಹಾಳೆಯಾಗಿ ಎದ್ದು ಬಂತು. ಅದು ಗೋಡೆಯ ಬಣ್ಣವೇ ಆಗಿರಲಿಲ್ಲ, ಗೋಡೆಯ ಮೇಲೆ ಕೂತ ಬೇರೆಯದ್ದು. ನಮ್ಮ ಗಂಜಿ ಕುಡಿದು ಕೊಬ್ಬಿದ್ದು ಅದು, ಕೆಳಗೆ ಗೋಡೆ ಉಸಿರುಕಟ್ಟಿ ಬಿದ್ದಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎಷ್ಟು ಅಕ್ಕಿ, ಎಷ್ಟು ಪ್ರೀತಿ!

ಮರುದಿನದಿಂದ ಗಂಜಿ ನಿಲ್ಲಿಸಿದೆ. ಕೆರೆಯಲು ಹೋದರೆ ಉಗುರು ತಾಗಿ ಗೋಡೆಯ ತೊಗಲೂ ಏಳುತ್ತಿತ್ತು, ಹಾಗಾಗಿ ತೂತಿಗೆ ತುರುಕಿದ ಬಟ್ಟೆ ತೆಗೆದೆ. ಮುಳ್ಳುಂಡೆಗಳು ಒಂದೊಂದಾಗಿ ಬಂದವು. ಬಾಯಿ ಅಡಿಯಲ್ಲಿಟ್ಟುಕೊಂಡು ಗೋಡೆಯನ್ನು ನೆಕ್ಕುತ್ತಾ, ಅವಸರವಿಲ್ಲದೆ ಪಾಚಿಯನ್ನು ಮೇಯ್ದವು. ಸಾಲದೆಂದು ನಾನೇ ಬಾಲ್ದಿಗೆ ಗೋಣಿ ಮುಚ್ಚಿಕೊಂಡು ಬಂಡೆಗಳ ಕಡೆ ಹೋಗತೊಡಗಿದೆ. ಓಣಿಯವರು "ಎಂತ ವಾರಿಜಕ್ಕ, ಬಾಲ್ದಿಯಲ್ಲಿ?" ಎಂದು ಕೇಳಿದರೆ, "ನೀರು," ಎಂದೆ. ನಮ್ಮ ಗೋಡೆ ಮತ್ತೆ ಬಿಳಿಯಾಗುತ್ತಾ ಬಂದಂತೆ ಅವರು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ವಾರಿಜಕ್ಕ ಎಂಥದೋ ಮಾಡಿಸುತ್ತಿದ್ದಾಳೆ ಎಂದು ಗುಸುಗುಸು ಹರಡಿತು. ಕೇಳಿಸಿಕೊಳ್ಳುವ ಸರದಿ ನನ್ನದಾಗಿತ್ತು.

ಬೇಸಗೆ ಬಂತು, ನೀರು ಹಿತವಾಗಿತ್ತು. ನಡುಗೋಡೆಯ ಮೂಲೆಯಲ್ಲಿ, ಮೊದಲು ಬೋಳಾಗಿದ್ದ ಜಾಗದಲ್ಲಿ, ಎಳ್ಳುಕಾಳಿನಷ್ಟು ಕಂದು ಚುಕ್ಕೆಗಳು ಕಂಡವು. ನಾನು ದೀಪ ತಂದು ನೋಡಿದೆ. ಮುಂದಿನ ಹುಣ್ಣಿಮೆಯ ಹೊತ್ತಿಗೆ ಅವು ಒಂದಕ್ಕೊಂದು ಕೂಡಿ ಅಂಗೈಯಗಲವಾದವು. ಅವತ್ತು ನನಗೆ ಇನ್ನು ತಡೆಯಲಾಗಲಿಲ್ಲ. ಕಡಲು ಇಳಿದ ಮಧ್ಯಾಹ್ನ ಕೊಗ್ಗಣ್ಣನನ್ನು ಕರೆದೆ. ಅವನು ರಿಪೇರಿಗೆ ಬಂದ ಕೊಡೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದ.

"ಇದು ನೋಡಿ," ಎಂದು ಮೂಲೆ ತೋರಿಸಿದೆ. ಅವನ ಮುಖ ಬಾಡಿತು. "ಅಯ್ಯೋ, ನಿಮ್ಮದಕ್ಕೂ ಕೊಳೆ ಹತ್ತಿತಾ? ನನ್ನ ಕಡೆಯಿಂದಲೇ ಬಂದದ್ದು. ತಪ್ಪಾಯ್ತು ವಾರಿಜಕ್ಕ." ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಕೊಳೆ ಅಲ್ಲ ಇದು," ಎಂದೆ. "ಒಂದು ಮಾತು ಕೇಳ್ತೇನೆ. ಕೇಳಬಾರದು, ಗೊತ್ತುಂಟು. ಆ ದಿನ ಒಳಗೆ ನಿಮಗೆ ಎಂತ ಕೇಳಿತು?"

ಕೊಗ್ಗಣ್ಣ ಬಾಗಿಲ ಕಡೆ ನೋಡಿದ. ಕೊಡೆಯ ಕಡ್ಡಿಯೊಂದನ್ನು ಬಗ್ಗಿಸಿ ನೆಟ್ಟಗೆ ಮಾಡಿದ. ಆಮೇಲೆ ಮೆಲ್ಲಗೆ, "ಎಂತದೂ ಕೇಳಲಿಲ್ಲ," ಎಂದ. "ನಾಲ್ಕೂ ಗೋಡೆಗೆ ಇಟ್ಟೆ. ಎರಡೂ ಕಿವಿ ಇಟ್ಟು ನೋಡಿದೆ. ಕಲ್ಲು."

ಗೊತ್ತಿತ್ತು! ನನಗೆ ಗೊತ್ತೇ ಇತ್ತು ಇವನು ಸುಳ್ಳು ಹೇಳಿದ್ದಾನೆಂದು! ಆದರೆ ಹಾಗೆ ಹೇಳಿದ್ದಕ್ಕೇ ನಾನು ಈ ನೆಲದ ಮೇಲೆ ಇನ್ನೂ ನಿಂತಿದ್ದೇನೆ ಎಂಬುದೂ ಅದೇ ಉಸಿರಿಗೆ ಹೊಳೆದು ಗೋಡೆ ಹಿಡಿದುಕೊಂಡೆ. "ಮತ್ತೆ ಯಾಕೆ ಉಂಟು ಹೇಳಿದ್ದು ನೀವು? ಇಲ್ಲ ಅಂದಿದ್ರೆ ನಡುಗೋಡೆ ನಿಮಗೆ ಬರ್ತಿತ್ತಲ್ಲ?"

"ನೀವು ನನಗೋಸ್ಕರ ಸುಳ್ಳು ಹೇಳಿದ್ದಿರಲ್ಲ," ಎಂದ ಕೊಗ್ಗಣ್ಣ. "ನನ್ನ ಗೋಡೆ ಕೊಳೆತದ್ದು ಊರಿಗೇ ಗೊತ್ತುಂಟು. ಮುಳ್ಳುಂಡೆ ತಿಂದು ಬದುಕುವವ ನಾನು, ನನ್ನಂಥವನಿಗೆ ಉಂಟು ಹೇಳ್ಲಿಕ್ಕೆ ಯಾರು ಬರ್ತಾರೆ? ಆ ದಿನ ಬೆಳಗ್ಗೆಯೇ ಗಂಟು ಕಟ್ಟಿ ಇಟ್ಟಿದ್ದೆ, ಗುಡ್ಡೆಗೆ ಹೋಗ್ಲಿಕ್ಕೆ. ನೀವು ಒಳಗೆ ಹೋಗಿ ಅಷ್ಟು ಹೊತ್ತು ಯೋಚನೆ ಮಾಡಿ, ಹೊರಗೆ ಬಂದು ಉಂಟು ಅಂದಿರಿ. ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತಿತ್ತು, ಎಷ್ಟು ಕಷ್ಟ ಆಯ್ತು ಹೇಳ್ಲಿಕ್ಕೆ ಅಂತ. ನಿಮ್ಮಂಥವರ ಮನೆಗೆ ನಾನು ಇಲ್ಲ ಹೇಳ್ಲಿಕ್ಕುಂಟಾ?"

"ನಾನು ಸುಳ್ಳು ಹೇಳಿದ್ದಲ್ಲ ಕೊಗ್ಗಣ್ಣ. ನಿಮ್ಮ ಗೋಡೆ ಸಾಸಿವೆಯ ಹಾಗೆ ಸಿಡೀತಾ ಇತ್ತು. ನಾನು ನಂಬದೆ ನಿಮ್ಮ ಅಟ್ಟ ಹತ್ತಿ ಒಲೆ ಮುಟ್ಟಿ ನೋಡಿ ಬಂದವಳು. ಇಲ್ಲ ಹೇಳ್ಬೇಕು ಅಂತಲೇ ಬಂದಿದ್ದೆ ನಾನು. ನಿಮ್ಮ ಮನೆ ಒಡೆಸ್ಲಿಕ್ಕೆ!" ಎಂದೆ. ಕೊಗ್ಗಣ್ಣ ತಲೆಯಾಡಿಸುತ್ತಾ ನಕ್ಕ. ಮಾಡಿದ ಉಪಕಾರವನ್ನು ಹೇಳಿಕೊಳ್ಳಲು ನಾಚುವವರ ಎದುರು ನಗುತ್ತೇವಲ್ಲ, ಹಾಗೆ. "ಇರ್ಲಿ ವಾರಿಜಕ್ಕ, ಇರ್ಲಿ. ನನಗೆ ಗೊತ್ತಿಲ್ವಾ ನೀವು ಎಂಥವರು ಅಂತ," ಎಂದ.

ಎಷ್ಟು ಹೇಳಿದರೂ ನಂಬಲಿಲ್ಲ. ತನ್ನ ಗೋಡೆಗೆ ಈಗ ಜೀವ ಇದೆ ಎಂಬುದನ್ನು ಕೊನೆಗೆ ನಂಬಿದ, ಅದೂ ನಾನು ಮೂಲೆಯಲ್ಲಿ ಕೂರಿಸಿ ಪಾಚಿ, ಗಂಜಿ, ಮುಳ್ಳುಂಡೆ ಎಲ್ಲ ಒಂದೊಂದಾಗಿ ತೋರಿಸಿದ ಮೇಲೆ. ಆ ದಿನ ನಾನು ಸದ್ದು ಕೇಳಿಯೇ "ಉಂಟು" ಎಂದದ್ದನ್ನೂ, ನಾನು ಕೆಟ್ಟವಳೆಂಬುದನ್ನೂ ಮಾತ್ರ ನಂಬಲಿಲ್ಲ. ನನ್ನನ್ನು ಅಷ್ಟು ಒಳ್ಳೆಯವಳೆಂದು ಸೋಮಪ್ಪ ಕೂಡ ಎಂದೂ ತಿಳಿದವರಲ್ಲ. ನಾನೂ ತಿಳಿದವಳಲ್ಲ. ನನಗೆ ನಾಚಿಕೆಯಾಯಿತು, ಆ ನಾಚಿಕೆಯ ಒಳಗೇ ಬೇಡವೆಂದರೂ ಸ್ವಲ್ಪ ಸುಖವೂ ಆಯಿತು.

"ಗುಲಾಬಿಯಕ್ಕನ ಗೋಡೆಯೂ ಇದೇ ಬಣ್ಣ ಇತ್ತು," ಎಂದೆ ಸ್ವಲ್ಪ ಹೊತ್ತಿನ ಮೇಲೆ. ಅವಳ ಮನೆಯ ಚೂರುಗಳು ಇನ್ನೂ ಓಣಿಯ ತುದಿಯಲ್ಲಿ ಬಿದ್ದಿದ್ದವು. ಮುಂದಿನ ಮಳೆ ಬಿಟ್ಟ ಮೇಲೆ ಕಂದು ಬಂದ ಇನ್ಯಾರದೋ ಮನೆಯ ಸರದಿ. ಗುರಿಕಾರರ ಮುಂದೆ ಹೋಗಿ ನಾನು ಕೇಳಿದ್ದನ್ನೂ ಅವನು ಕೇಳದ್ದನ್ನೂ ಹೇಳಲೇಬೇಕು, ಬೇರೆ ದಾರಿ ಇಲ್ಲ. ಹೇಳಿದರೆ ನಮ್ಮ ಮನೆಗೆ ಬಿದ್ದ "ಉಂಟು" ಸುಳ್ಳೆಂದು ಗೊತ್ತಾಗುತ್ತದೆ, ಮೂರು ಗೋಡೆ ಹೋದರೂ ಹೋಯಿತು. ಸೋಮಪ್ಪನಿಗೆ ಹೇಳಿದೆ. ಅವರು ಉಳಿಗಳ ಗಂಟಿನ ಮೇಲೆ ಕೈ ಇಟ್ಟುಕೊಂಡು, "ಹೋಗಿ ಬಾ," ಎಂದರು.

ಓಣಿಯಲ್ಲಿ ಇಬ್ಬರೂ ಹೊರಟೆವು. ಗುರಿಕಾರರ ಮನೆಯ ತಿರುವಿನಲ್ಲಿ ಕೊಗ್ಗಣ್ಣ ನಿಂತ. "ವಾರಿಜಕ್ಕ," ಎಂದ, ಆಚೀಚೆ ನೋಡಿ, ದನಿ ತಗ್ಗಿಸಿ. "ಒಳಗೆ ಹೋದ ಮೇಲೆ ನೀವು ನಿಮ್ಮ ಸುಳ್ಳಿನ ವಿಷಯ ಎತ್ತಬೇಡಿ. ಸುಳ್ಳು ಹೇಳಿದ್ದು ನಾನೊಬ್ಬನೇ ಅಂತ ಇರ್ಲಿ. ಒಣಗುಡ್ಡೆಗೆ ಕಳಿಸಿದ್ರೆ ನನ್ನನ್ನು ಕಳಿಸ್ಲಿ. ನಾನು ಹೇಗೂ ಒಬ್ಬ."

"ಬಾಯಿ ಮುಚ್ಚಿಕೊಂಡು ನಡೀರಿ," ಎಂದೆ. ನನ್ನ ಮುಖ ಅವನಿಗೆ ಕಾಣಬಾರದೆಂದು ನಾನೇ ಮುಂದೆ ನಡೆದೆ.